ಹಳೆ ಕಾರಿಗೆ ಹೊಸ ಬಣ್ಣ: ಎಷ್ಟು ಕೀಳಬೇಕು, ಎಷ್ಟು ಉಳಿಸಬೇಕು?

ಹಳೆ ಕಾರನ್ನು ಪೇಂಟಿಂಗ್ ಶೆಡ್ಡಿಗೆ ತಗೊಂಡು ಹೋದರೆ ಮಾತು ಶುರುವಾಗುವುದೇ ಬಣ್ಣದಿಂದ. ಅದೇ ಕಲರ್ ಹೊಡೀಬೇಕಾ, ಬೇರೆಯಾ, ಮೆಟಾಲಿಕ್ ಬೇಕಾ? ಶೇಡ್ ಕಾರ್ಡ್ ಕೈಗೆ ಬರುತ್ತದೆ, ರೇಟ್ ಮಾತಾಗುತ್ತದೆ, ಮಾರನೇ ದಿನ ಕೆಲಸ ಶುರು. ಆದರೆ ಆ ಬಣ್ಣ ಎರಡು ಮಳೆಗಾಲ ನಿಲ್ಲುತ್ತದೋ ಹತ್ತು ಮಳೆಗಾಲ ನಿಲ್ಲುತ್ತದೋ ಅನ್ನುವುದು ಪೇಂಟಿನ ಡಬ್ಬಿಯಲ್ಲಿ ತೀರ್ಮಾನ ಆಗುವುದಿಲ್ಲ. ಪೇಂಟ್ ಗನ್ ಕೈಗೆತ್ತಿಕೊಳ್ಳುವ ಮೊದಲು ತಗಡಿನ ಮೇಲೆ ಏನೇನು ಮಾಡಿದಿರಿ ಅನ್ನುವುದರಲ್ಲಿ ಆಗುತ್ತದೆ.

ನಮ್ಮ ಕಡೆ ಮನೆಗಳಲ್ಲಿ ಇನ್ನೂ ಉಳಿದಿರುವ ಹಳೆ ಕಾರು ಅಂದರೆ ಮುಖ್ಯವಾಗಿ ಮೂರು: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 1983ರಲ್ಲಿ ಬಂದ ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಪದ್ಮಿನಿ ಇವೆರಡಕ್ಕೂ ಮುಂಚೆಯೇ ಮುಗಿದಿತ್ತು. ಅಂದರೆ ಇವತ್ತು ಸಿಗುವ ಪದ್ಮಿನಿ ಯಾವುದೇ ಇರಲಿ, ಅದರ ಮೇಲೆ ಒಂದಕ್ಕಿಂತ ಹೆಚ್ಚು ಸಲ ಬಣ್ಣ ಬಿದ್ದಿರುವ ಸಾಧ್ಯತೆಯೇ ಜಾಸ್ತಿ. ಅಂಬಾಸಿಡರ್ ತಗಡು ದಪ್ಪ, ಪೆಟ್ಟು ತಡೆಯುತ್ತದೆ. 800ರ ತಗಡು ತೆಳು, ಗ್ರೈಂಡರ್ ಸ್ವಲ್ಪ ಜೋರಾಗಿ ಒತ್ತಿದರೂ ಬಿಸಿಯಾಗಿ ಅಲೆಯೇಳುತ್ತದೆ. ಒಂದಕ್ಕೆ ಸರಿಹೋಗುವ ವಿಧಾನ ಇನ್ನೊಂದಕ್ಕೆ ಹೊಂದುವುದಿಲ್ಲ.

ಹಳೆ ಕಾರು ರಿಪೇರಿ ಮಾಡಿಸುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಒಳ್ಳೆ ಕೆಲಸ ಅಂದರೆ ಹಳೆ ಬಣ್ಣ ಪೂರ್ತಿ ಕಿತ್ತು, ಬರೀ ತಗಡಿಗೆ ಇಳಿಸಿ, ಮತ್ತೆ ಮೊದಲಿನಿಂದ ಕಟ್ಟುವುದು ಅಂತ. ನಾನು ಇದನ್ನು ಎಲ್ಲ ಕಾರಿಗೂ ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ತಗಡನ್ನು ತೊಳೆದು, ಪ್ರೈಮರ್ ಹಾಕಿ, ದೊಡ್ಡ ಓವನ್ನಿನಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಆ ಪದರ ಇನ್ನೂ ತಗಡನ್ನು ಬಿಗಿಯಾಗಿ ಹಿಡಿದಿದ್ದರೆ ಅದಕ್ಕಿಂತ ಒಳ್ಳೆ ತಳ ಇನ್ನೊಂದಿಲ್ಲ. ಕಿತ್ತ ಮೇಲೆ ಅಂಥದ್ದನ್ನು ಯಾವ ಶೆಡ್ಡಿನಲ್ಲೂ ಮತ್ತೆ ಹಾಕಲು ಆಗುವುದಿಲ್ಲ. ಕೀಳಬೇಕಾದ್ದನ್ನು ಕೀಳದೆ ಬಿಡುವುದು ತಪ್ಪು, ನಿಜ. ಕೀಳಬೇಕಿಲ್ಲದ್ದನ್ನು ಕಿತ್ತು, ಬರೀ ತಗಡನ್ನು ವಾರಗಟ್ಟಲೆ ಶೆಡ್ಡಿನಲ್ಲಿ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ಹಾಗಾದರೆ ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು ಅಂತ ಹೇಗೆ ಗೊತ್ತಾಗಬೇಕು? ಅದನ್ನು ಕಾರೇ ಹೇಳುತ್ತದೆ. ಕೇಳಲು ಅರ್ಧ ದಿನ ಸಾಕು.

ಮೊದಲು ಅಯಸ್ಕಾಂತ, ಥಿನ್ನರ್ ಬಟ್ಟೆ, ಸ್ಕ್ರೂಡ್ರೈವರ್

ಕಾರನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆಲ್ಲ ಆಡಿಸುತ್ತಾ ಹೋಗಿ. ತಗಡು ಇರುವ ಕಡೆ ಟಕ್ ಅಂತ ಹಿಡಿಯುತ್ತದೆ. ಕೆಳಗೆ ನೆಗ್ಗು ತುಂಬಿದ ದಪ್ಪ ಪುಟ್ಟಿ ಇದ್ದರೆ ಹಿಡಿತ ಸಡಿಲ, ಇಲ್ಲವೇ ಜಾರಿ ಬೀಳುತ್ತದೆ. ಅಂಥ ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಬೆರಳ ಗಿಣ್ಣಿನಿಂದ ತಟ್ಟಿದರೂ ಗೊತ್ತಾಗುತ್ತದೆ. ತಗಡು ಖಣ್ ಅನ್ನುತ್ತದೆ, ಪುಟ್ಟಿ ಮಂಕಾಗಿ ದಬ್ ಅನ್ನುತ್ತದೆ.

ಮುಂದಿನದು ಥಿನ್ನರ್ ಪರೀಕ್ಷೆ. ತುಂಬಾ ಜನ ಇದನ್ನು ಮಾಡುವುದಿಲ್ಲ, ಆದರೆ ನಿಜಕ್ಕೂ ತೀರ್ಮಾನ ಕೊಡುವುದು ಇದೇ. ಬಿಳಿ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸುವ) ಥಿನ್ನರ್ ಹಚ್ಚಿ, ಎದ್ದು ಕಾಣದ ಒಂದು ಮೂಲೆಯಲ್ಲಿ ಅರ್ಧ ನಿಮಿಷ ಉಜ್ಜಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಬಂದು ಮೇಲ್ಮೈ ಅಂಟಂಟಾದರೆ ಅದು ಎನ್‌ಸಿ ಪೇಂಟ್. ಏನೂ ಆಗದಿದ್ದರೆ ಕಾರ್ಖಾನೆಯ ಬೇಯಿಸಿದ ಬಣ್ಣ, ಇಲ್ಲವೇ ಹಾರ್ಡ್‌ನರ್ (ಬಣ್ಣ ಗಟ್ಟಿಯಾಗಿಸುವ ದ್ರವ) ಹಾಕಿ ಹೊಡೆದ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ಸುಕ್ಕಾಗಿ ಮೇಲೆದ್ದರೆ ಸರಿಯಾಗಿ ಗಟ್ಟಿಯಾಗದ ಎನಾಮಲ್. ಸುಕ್ಕೆದ್ದ ಬಣ್ಣದ ಮೇಲೆ ಹೊಸದಾಗಿ ಏನನ್ನೂ ಹೊಡೆಯಬಾರದು, ಕೀಳಲೇಬೇಕು. ಎನ್‌ಸಿ ಮೇಲೆ ನೇರವಾಗಿ ಪಿಯು ಹೊಡೆದರೆ ಅದರ ಥಿನ್ನರ್ ಕೆಳಗಿಳಿದು ಹಳೆ ಪದರವನ್ನು ಮೆತ್ತಗೆ ಮಾಡುತ್ತದೆ. ಆಗ ಹಳೆ ಗೀರುಗಳು, ರಿಪೇರಿಯ ಅಂಚುಗಳು ಹೊಸ ಬಣ್ಣದಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ.

ಕೊನೆಗೆ ತುಕ್ಕು. ಬಾಗಿಲಿನ ಕೆಳಅಂಚು, ಬಾಗಿಲ ಕೆಳಗಿನ ಸಿಲ್, ಚಕ್ರದ ಕಮಾನು, ಡಿಕ್ಕಿಯ ತಳ, ಬ್ಯಾಟರಿ ಕೂರುವ ಜಾಗ, ಮುಂದಿನ ಹಿಂದಿನ ಗಾಜಿನ ಬೀಡಿಂಗ್ (ರಬ್ಬರ್ ಪಟ್ಟಿ) ಸುತ್ತ. ಇಲ್ಲೆಲ್ಲ ಬಣ್ಣ ಹಪ್ಪಳದ ಹಾಗೆ ಉಬ್ಬಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಬಣ್ಣದ ಚಕ್ಕೆ ಹೋಗಿ ಕೆಳಗೆ ಗಟ್ಟಿ ತಗಡು ಸಿಕ್ಕಿದರೆ ಅದು ಮೇಲಿನಿಂದ ಬಂದ ತುಕ್ಕು, ಉಜ್ಜಿದರೆ ಹೋಗುತ್ತದೆ. ತುದಿ ಕರಕರ ಅಂತ ಒಳಗೇ ಇಳಿದು ಕಂದು ಪುಡಿ ಉದುರಿದರೆ ಅದು ಒಳಗಿನಿಂದ ತಿನ್ನುತ್ತಾ ಬಂದ ತುಕ್ಕು. ಮೇಲೆ ಕಂಡಿದ್ದು ಒಂದು ರೂಪಾಯಿ ನಾಣ್ಯದಷ್ಟಿದ್ದರೂ ಒಳಗೆ ಅಂಗೈ ಅಗಲ ಹೋಗಿರುತ್ತದೆ. ಬಾಗಿಲಿನ ಕೆಳಅಂಚಿನಲ್ಲಿ ನೀರು ಇಳಿಯಲು ಸಣ್ಣ ಸಣ್ಣ ಕಿಂಡಿಗಳಿರುತ್ತವೆ, ಅವನ್ನೂ ಒಮ್ಮೆ ನೋಡಿ. ಧೂಳು, ಎಲೆ ಸೇರಿ ಅವು ಕಟ್ಟಿಕೊಂಡಿದ್ದರೆ ತುಕ್ಕಿನ ಕಾರಣ ಅಲ್ಲೇ ಸಿಕ್ಕಿತು.

ಮೂರು ದಾರಿ

ಬಾಡಿ ಗಟ್ಟಿಯಾಗಿದೆ, ಬಣ್ಣ ಮಂಕಾಗಿದೆ ಅಷ್ಟೇ, ಥಿನ್ನರ್ ಪರೀಕ್ಷೆಯಲ್ಲಿ ಏನೂ ಬರಲಿಲ್ಲ ಅಂದುಕೊಳ್ಳಿ. ಇಂಥ ಕಾರಿಗೆ ಹಳೆ ಬಣ್ಣವನ್ನೇ ಉಜ್ಜಿ ಅದರ ಮೇಲೆ ಹೊಡೆಯುವುದು ಸರಿಯಾದ ದಾರಿ. ಅಗ್ಗ ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ, ಅದು ನಿಜಕ್ಕೂ ಚೆನ್ನಾಗಿ ನಿಲ್ಲುತ್ತದೆ. 320, 400 ನಂಬರ್ ಉಜ್ಜುವ ಪೇಪರಿನಲ್ಲಿ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು) ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು. ಒಂದು ಇಂಚು ಹೊಳೆಯುವ ಜಾಗ ಉಳಿದರೂ ಹೊಸ ಬಣ್ಣ ಅಲ್ಲಿಂದಲೇ ಸಿಪ್ಪೆಯೇಳುತ್ತದೆ. ಒಬ್ಬರೇ ಓನರ್ ಇದ್ದು ನೆರಳಲ್ಲಿ ನಿಂತ ಮಾರುತಿ 800 ಬಹುಪಾಲು ಈ ಗುಂಪಿಗೆ ಸೇರುತ್ತದೆ.

ಒಂದೆರಡು ಕಡೆ ತುಕ್ಕು, ಹಳೆ ಪುಟ್ಟಿ, ಉಳಿದ ಕಡೆ ಗಟ್ಟಿ ಬಣ್ಣ ಇದ್ದರೆ ಆ ಜಾಗಗಳನ್ನು ಮಾತ್ರ ತಗಡಿಗೆ ಇಳಿಸಿ, ಉಳಿದದ್ದನ್ನು ಉಜ್ಜಿ ಬಿಡಬೇಕು. ಹೆಚ್ಚಿನ ಹಳೆ ಕಾರುಗಳಿಗೆ ಇದೇ ಸರಿ. ಇಲ್ಲಿ ಕೌಶಲ ಇರುವುದು ಅಂಚಿನಲ್ಲಿ. ಕಿತ್ತ ಜಾಗ ಮತ್ತು ಹಳೆ ಬಣ್ಣ ಸೇರುವ ಕಡೆ ಮೆಟ್ಟಿಲು ಉಳಿಯಬಾರದು. 80ರಿಂದ ಶುರುಮಾಡಿ 180, 320 ತನಕ ಹೊರಕ್ಕೆ ಹೊರಕ್ಕೆ ಉಜ್ಜುತ್ತಾ ಬಂದರೆ ತಗಡು, ಪ್ರೈಮರ್, ಬಣ್ಣ ಒಂದರ ಸುತ್ತ ಒಂದು ಉಂಗುರದ ಹಾಗೆ ಕಾಣುತ್ತವೆ. ಪ್ರತಿ ಉಂಗುರ ಒಂದು ಬೆರಳು ಅಗಲ ಇರಬೇಕು. ಕಣ್ಣು ಮುಚ್ಚಿ ಅಂಗೈ ಆಡಿಸಿದಾಗ ಎಲ್ಲಿ ಯಾವುದು ಮುಗಿಯಿತು ಅಂತ ತಿಳಿಯಬಾರದು.

ಪೂರ್ತಿ ತಗಡಿಗೆ ಇಳಿಸುವುದು ಮೂರನೆಯದು. ಇದು ಯಾವಾಗ ಬೇಕು? ಪದರದ ಮೇಲೆ ಪದರ ಬಿದ್ದು ಬಣ್ಣ ತುಂಬಾ ದಪ್ಪವಾಗಿ, ಹೊಲ ಬಿರುಕು ಬಿಟ್ಟಂತೆ ಎಲ್ಲ ಕಡೆ ಸೀಳಿದ್ದರೆ. ಎಲ್ಲ ಪ್ಯಾನೆಲ್ಲಿನಲ್ಲೂ ಅಯಸ್ಕಾಂತ ಜಾರಿದರೆ. ಕೆಳಗೆ ಎನ್‌ಸಿ ಇದ್ದು ಮೇಲೆ ಪಿಯು ಬೇಕು ಅಂತಿದ್ದರೆ. ಇಂಥ ಕಡೆ ಕಾಸು ಉಳಿಸಲು ಹೋದರೆ ಕಾಸೂ ಹೋಗುತ್ತದೆ, ಕಾರೂ ಹೋಗುತ್ತದೆ. ಆದರೆ ಒಂದು ಷರತ್ತು: ತಗಡು ಬೆತ್ತಲಾದ ದಿನವೇ ಪ್ರೈಮರ್ ಬೀಳಬೇಕು. ಹಾಗಾಗಿ ಇಡೀ ಕಾರನ್ನು ಒಟ್ಟಿಗೆ ಕೀಳಬೇಡಿ. ಬಾನೆಟ್ ಒಂದು ದಿನ, ಎರಡು ಬಾಗಿಲು ಇನ್ನೊಂದು ದಿನ, ಹೀಗೆ ಪ್ಯಾನೆಲ್ ಪ್ಯಾನೆಲ್ ಆಗಿ ಹೋಗಿ. ನಿಮ್ಮ ಶೆಡ್ಡಿನವರು ಇದಕ್ಕೆ ಒಪ್ಪದಿದ್ದರೆ ಮೂರನೇ ದಾರಿ ನಿಮ್ಮದಲ್ಲ.

ಕೀಳುವುದು ಹೇಗೆ?

ಸ್ಯಾಂಡರ್ ಯಂತ್ರ, ಪೇಂಟ್ ರಿಮೂವರ್, ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಪುಡಿ ಹೊಡೆಯುವುದು). ಈ ಮೂರರಲ್ಲಿ ನನ್ನ ಮೊದಲ ಆಯ್ಕೆ ತಿರುಗುತ್ತಲೇ ಓಲಾಡುವ ಸ್ಯಾಂಡರ್, 80 ನಂಬರ್ ಪೇಪರ್. ನಿಧಾನ, ಧೂಳು, ಕೈ ನೋವು ಎಲ್ಲ ನಿಜ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ. ಕಲ್ಲಿನ ಡಿಸ್ಕ್ ಹಾಕಿದ ಆಂಗಲ್ ಗ್ರೈಂಡರನ್ನು ಮಾತ್ರ ಬಾನೆಟ್, ಟಾಪ್, ಬಾಗಿಲಿನ ಹತ್ತಿರ ತರಬೇಡಿ. ಅದು ತಗಡನ್ನೇ ತಿನ್ನುತ್ತದೆ, ಬಿಸಿಗೆ ಅಲೆ ಎಬ್ಬಿಸುತ್ತದೆ. ತಂತಿ ಬ್ರಶ್ಶಿನ ಚಕ್ರವೂ ಮೋಸವೇ. ತುಕ್ಕನ್ನು ತೆಗೆಯುವ ಬದಲು ಅದಕ್ಕೆ ಪಾಲಿಶ್ ಮಾಡಿ ಮಿಂಚಿಸುತ್ತದೆ. ಗುಂಡಿಯೊಳಗಿನ ಕಪ್ಪು ಚುಕ್ಕಿಗಳು ಹಾಗೇ ಉಳಿದಿರುತ್ತವೆ.

ದಪ್ಪ ಪದರ ಇದ್ದಾಗ ಪೇಂಟ್ ರಿಮೂವರ್ ಒಳ್ಳೆಯದು. ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಣ್ಣ ಸುಕ್ಕೆದ್ದ ಮೇಲೆ ಕೆರೆದು ತೆಗೆಯುವುದು. ತಗಡಿಗೆ ಬಿಸಿ ತಾಗುವುದಿಲ್ಲ, ಅಲೆ ಏಳುವುದಿಲ್ಲ. ತೊಂದರೆ ಇರುವುದು ಸಂದಿಯಲ್ಲಿ. ಬಾಗಿಲಿನ ಮಡಿಕೆ, ಎರಡು ತಗಡು ಸೇರುವ ಜಾಯಿಂಟ್, ಬೀಡಿಂಗ್ ಕೂರುವ ತೋಡಿನೊಳಗೆಲ್ಲ ಅದು ಹೊಕ್ಕು ಕೂತುಬಿಡುತ್ತದೆ. ಹೊಸ ಬಣ್ಣ ಹೊಡೆದ ಕೆಲ ವಾರಕ್ಕೆ ಅಲ್ಲಿಂದ ಸೋರಿ ಬಂದು ಅಂಚನ್ನು ಎಬ್ಬಿಸುತ್ತದೆ. ಅದಕ್ಕೇ ಮಡಿಕೆಯಿಂದ ಒಂದು ಇಂಚು ದೂರ ಟೇಪ್ ಅಂಟಿಸಿ ರಿಮೂವರ್ ಹಚ್ಚಿ, ಉಳಿದ ಆ ಇಂಚನ್ನು ಪೇಪರಿನಲ್ಲಿ ಉಜ್ಜಿ ತೆಗೆಯಿರಿ. ಕೈಗೆ ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡ. ಕೆಲವು ರಿಮೂವರ್‌ಗಳಲ್ಲಿರುವ ಮೆಥಿಲೀನ್ ಕ್ಲೋರೈಡ್ ಆವಿಯಿಂದ ಜೀವಕ್ಕೇ ಅಪಾಯ.

ಬ್ಲಾಸ್ಟಿಂಗ್ ಚಾಸಿ, ಚಕ್ರದ ಡ್ರಮ್, ಡಿಕ್ಕಿಯ ಒಳಭಾಗ, ಚಕ್ರದ ಕಮಾನಿನ ಒಳಗೆ ಚೆನ್ನ. ಬಾನೆಟ್, ಟಾಪಿನಂಥ ಅಗಲ ಚಪ್ಪಟೆ ತಗಡಿಗೆ ಒರಟು ಮರಳು ಹೊಡೆದರೆ ಅದು ಹಿಗ್ಗಿ ಉಬ್ಬುತ್ತದೆ. ಆಮೇಲೆ ಯಾವ ಟಿಂಕರ್ ಮೇಸ್ತ್ರಿಗೂ ಅದನ್ನು ಪೂರ್ತಿ ಸರಿಮಾಡುವುದು ಕಷ್ಟ. ಸೋಡಾ ಬ್ಲಾಸ್ಟಿಂಗ್ ತಗಡಿಗೆ ಮೃದು. ಆದರೆ ಅದು ತುಕ್ಕನ್ನು ತೆಗೆಯುವುದಿಲ್ಲ, ಜೊತೆಗೆ ಅದರ ಪುಡಿ ಉಳಿದರೆ ಪ್ರೈಮರ್ ಹಿಡಿಯುವುದಿಲ್ಲ. ಮರಳಿನ ಧೂಳಿನಿಂದ ಬರುವ ಸಿಲಿಕೋಸಿಸ್‌ಗೆ ವಾಸಿಯೇ ಇಲ್ಲ. ಬರೀ ಕರ್ಚೀಫ್ ಕಟ್ಟಿಕೊಂಡು ಮರಳು ಹೊಡೆಯುವ ಹುಡುಗರನ್ನು ಕಂಡರೆ ಆ ಶೆಡ್ಡಿಗೆ ಕೆಲಸ ಕೊಡಬೇಡಿ ಅನ್ನುವುದು ನನ್ನ ಮಾತು. ಬಣ್ಣಕ್ಕಿಂತ ಅವರ ಶ್ವಾಸಕೋಶ ದೊಡ್ಡದು. ಹಾಗೆಯೇ, ಹಳೆ ಕಾಲದ ಬಣ್ಣಗಳಲ್ಲಿ ಸೀಸ ಇರಬಹುದು. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವ ಕಡೆ ಒಣ ಉಜ್ಜುವಿಕೆ ಬೇಡ.

ತೂತಾದ ತಗಡಿಗೆ ಏನು ಮಾಡಬೇಕು?

ಇಲ್ಲಿ ನನಗೆ ಎರಡು ಮಾತಿಲ್ಲ. ತೂತು ಬಿದ್ದ ಕಡೆ ಕತ್ತರಿಸಿ, ಹೊಸ ತಗಡು ಬೆಸೆಯಬೇಕು. ತೂತಿಗೆ ಜಾಲರಿ ತುರುಕಿ, ಮೇಲೆ ಮೆಟಲ್ ಪೇಸ್ಟ್ ಅನ್ನುವ ಪುಟ್ಟಿ ಬಳಿದು, ಉಜ್ಜಿ ಬಣ್ಣ ಹೊಡೆದರೆ ಶೆಡ್ಡಿನಿಂದ ಹೊರಬರುವ ದಿನ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಪುಟ್ಟಿ ನೀರು ಹೀರುತ್ತದೆ. ಹಿಂದಿನಿಂದ ಅದಕ್ಕೆ ತೇವ ಸಿಗುತ್ತಲೇ ಇರುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಫೈಬರ್ ಮ್ಯಾಟ್ ಹಾಕಿದರೆ ಸ್ವಲ್ಪ ಜಾಸ್ತಿ ದಿನ ತಡೆಯಬಹುದು, ಸುತ್ತಲಿನ ತುಕ್ಕು ಮಾತ್ರ ನಿಲ್ಲುವುದಿಲ್ಲ. ಸಿಲ್‌ನಂಥ ಭಾರ ಹೊರುವ ಭಾಗಕ್ಕಂತೂ ಇದು ಸುರಕ್ಷಿತವೂ ಅಲ್ಲ.

ಬೆಸುಗೆಯಲ್ಲೂ ಆಯ್ಕೆ ಇದೆ. ಹಳೆ ಮೇಸ್ತ್ರಿಗಳ ಕೈಯಲ್ಲಿ ಗ್ಯಾಸ್ ವೆಲ್ಡಿಂಗ್ ಪಳಗಿರುತ್ತದೆ. ಅಂಬಾಸಿಡರಿನ ದಪ್ಪ ತಗಡಿಗೆ ಅದು ನಡೆಯುತ್ತದೆ. ಆದರೆ ಅದರ ಬಿಸಿ ಅಗಲಕ್ಕೆ ಹರಡಿ ತಗಡು ಸೊಟ್ಟಗಾಗುತ್ತದೆ. 800ಕ್ಕೆ, ಪದ್ಮಿನಿಯ ಬಾಗಿಲಿಗೆ, ಗ್ಯಾರೇಜಿನಲ್ಲಿ ಸಿಓಟು ವೆಲ್ಡಿಂಗ್ ಅನ್ನುತ್ತಾರಲ್ಲ, ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್, ಅದು ವಾಸಿ. ಅದರಲ್ಲೂ ಉದ್ದಕ್ಕೆ ಒಂದೇ ಗೆರೆ ಎಳೆಯಬಾರದು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ತಣಿಯಲು ಬಿಟ್ಟು ಸೇರಿಸುತ್ತಾ ಬರಬೇಕು.

ರಸ್ಟ್ ಕನ್ವರ್ಟರ್ ಬಾಟಲಿಗಳ ಬಗ್ಗೆ ತುಂಬಾ ಆಸೆ ಇಟ್ಟುಕೊಳ್ಳಬೇಡಿ. ತೆಳು ತುಕ್ಕನ್ನು ಅದು ಕಪ್ಪು ಪದರವಾಗಿ ಬದಲಿಸುತ್ತದೆ. ಬ್ರಶ್ ಹೋಗದ ಸಂದಿಗಳಿಗೆ ಉಪಯೋಗ. ಚಕ್ಕೆ ಏಳುವ ತುಕ್ಕಿನ ಮೇಲೆ ಸುರಿದರೆ ಮೇಲಿನದು ಮಾತ್ರ ಕಪ್ಪಾಗಿ, ಕೆಳಗಿನದು ತನ್ನ ಕೆಲಸ ಮುಂದುವರಿಸುತ್ತದೆ. ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚಿದರೆ ಬಾಟಲಿಯಲ್ಲಿ ಹೇಳಿದಂತೆ ತೊಳೆದು ಒಣಗಿಸಲೇಬೇಕು, ಆಸಿಡ್ ಉಳಿದ ತಗಡಿನಲ್ಲಿ ಎಪಾಕ್ಸಿ ಪ್ರೈಮರ್ ಕೂರುವುದಿಲ್ಲ. ಬ್ಯಾಟರಿ ಕೂರುವ ತಟ್ಟೆಗೆ ಬೇರೆಯೇ ಉಪಚಾರ: ಅಡುಗೆ ಸೋಡಾ ಕಲಸಿದ ನೀರು ಹಾಕಿ, ನೊರೆ ನಿಲ್ಲುವ ತನಕ ತೊಳೆದು, ಆಮೇಲೆ ಉಜ್ಜಬೇಕು.

ಪುಟ್ಟಿ: ಎಷ್ಟು, ಯಾವುದು

ನೆಗ್ಗಿದ ಜಾಗವನ್ನು ಸುತ್ತಿಗೆ ಮತ್ತು ಡಾಲಿಯಲ್ಲಿ (ತಗಡಿನ ಹಿಂದೆ ಹಿಡಿಯುವ ಕಬ್ಬಿಣದ ಗಟ್ಟಿ) ತಟ್ಟಿ ಸಮ ಮಾಡುವ ಟಿಂಕರ್ ಒಬ್ಬ ಸಿಕ್ಕಿದರೆ ಅರ್ಧ ಯುದ್ಧ ಗೆದ್ದಂತೆ. ತಗಡು ಎಷ್ಟು ಸಮ ಆಗುತ್ತದೋ ಪುಟ್ಟಿ ಅಷ್ಟು ಕಡಿಮೆ ಸಾಕು. ಉಜ್ಜಿ ಮುಗಿದ ಮೇಲೆ 3 ಮಿಲಿಮೀಟರ್‌ಗಿಂತ ದಪ್ಪ ಪುಟ್ಟಿ ಉಳಿಯಬಾರದು. 1 ಮಿಲಿಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಶೆಡ್ಡಿನಲ್ಲಿ ಎರಡು ಥರದ ಪುಟ್ಟಿ ಇರುತ್ತದೆ. ಹಾರ್ಡ್‌ನರ್ ಬೆರೆಸಿ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ ನೆಗ್ಗು ತುಂಬಲು. ಡಬ್ಬಿಯಿಂದ ನೇರವಾಗಿ ಹಚ್ಚುವ ಎನ್‌ಸಿ ಪುಟ್ಟಿ ಸೂಜಿಮೊನೆ ತೂತು, ಪೇಪರಿನ ಗೀರು ಮುಚ್ಚಲು ಮಾತ್ರ. ಎನ್‌ಸಿ ಪುಟ್ಟಿ ಒಳಗಿನ ಥಿನ್ನರ್ ಆರಿ ಒಣಗುವಂಥದ್ದು. ದಪ್ಪ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಬಣ್ಣ ಹೊಡೆದ ಮೇಲೂ ಕುಗ್ಗುತ್ತಲೇ ಇರುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಕಾರಿನಲ್ಲಿ ಕೆಲ ತಿಂಗಳಿಗೆ ಗುಳಿ ಕಾಣಿಸಿಕೊಂಡರೆ ಕಾರಣ ಬಹಳ ಸಲ ಇದೇ.

ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡ್‌ನರ್ ನೂರು ಗ್ರಾಂಗೆ ಸುಮಾರು ಎರಡು ಗ್ರಾಂ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅದರಲ್ಲಿರುವ ಪೆರಾಕ್ಸೈಡ್ ಉಳಿದು ಮೇಲಿನ ಬಣ್ಣಕ್ಕೆ ಏರಿ ಕಲೆ ಮಾಡುತ್ತದೆ. ಗಾಜು ಅಥವಾ ತಗಡಿನ ಹಾಳೆಯ ಮೇಲೆ ಕಲಸಿ. ರಟ್ಟಿನ ಮೇಲೆ ಕಲಸಿದರೆ ರಟ್ಟು ಅದರ ರಾಳ ಹೀರುತ್ತದೆ. ಬೀಟರ್ ಥರ ತಿರುವಬೇಡಿ, ಗಾಳಿಗುಳ್ಳೆ ಸೇರುತ್ತದೆ. ಚಪ್ಪಟೆ ಪಟ್ಟಿಯಿಂದ ಒತ್ತಿ ಎಳೆದು, ಮಡಿಸಿ, ಮತ್ತೆ ಒತ್ತಿ. ಬಣ್ಣದ ಎಳೆ ಕಾಣದೆ ಒಂದೇ ಶೇಡ್ ಬಂದಾಗ ಸಾಕು. ಮೊದಲ ತೆಳು ಕೋಟನ್ನು ಜೋರಾಗಿ ಒತ್ತಿ ಬಳಿಯಿರಿ. ಉಳಿದದ್ದು ಅದರ ಮೇಲೆ.

ಮುಖ್ಯವಾದ ಒಂದು ಮಾತು. ಪುಟ್ಟಿಯನ್ನು ನೀರು ಹಾಕಿ ಉಜ್ಜಬಾರದು. ನಮ್ಮ ಶೆಡ್ಡುಗಳಲ್ಲಿ ಬಕೆಟ್ ನೀರು, ಸ್ಪಂಜು, ವಾಟರ್ ಪೇಪರ್ ಹಿಡಿದು ಪುಟ್ಟಿ ಉಜ್ಜುವುದು ಎಷ್ಟು ರೂಢಿಯಾಗಿದೆ ಅಂದರೆ ಬೇಡ ಅಂದರೆ ಆಶ್ಚರ್ಯ ಪಡುತ್ತಾರೆ. ಧೂಳು ಬರುವುದಿಲ್ಲ, ಪೇಪರ್ ಬೇಗ ಸವೆಯುವುದಿಲ್ಲ, ಅವರ ಲೆಕ್ಕ ಅರ್ಥವಾಗುತ್ತದೆ. ಆದರೆ ಪುಟ್ಟಿಯಲ್ಲಿ ಟಾಲ್ಕ್ ಪುಡಿ ಧಾರಾಳವಾಗಿ ಇರುತ್ತದೆ. ಅದು ಕುಡಿದ ನೀರು ತಗಡಿನ ತನಕ ಇಳಿದು ಅಲ್ಲೇ ಕೂರುತ್ತದೆ. ಮೇಲೆ ಬಣ್ಣದ ಮುಚ್ಚಳ ಬಿದ್ದ ಮೇಲೆ ಹೊರಬರಲು ದಾರಿ ಇಲ್ಲ. ಬಿಸಿಲಿಗೆ ನಿಂತಾಗ ಆವಿಯಾಗಿ ಸಾಸಿವೆ ಕಾಳಿನಷ್ಟು ಗುಳ್ಳೆಗಳನ್ನು ಎಬ್ಬಿಸುತ್ತದೆ. ಪುಟ್ಟಿಯನ್ನು ಬ್ಲಾಕ್ ಹಿಡಿದು ಒಣದಾಗಿಯೇ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ನೀರಿನ ಉಜ್ಜುವಿಕೆ ಏನಿದ್ದರೂ ಪ್ರೈಮರ್ ಗಟ್ಟಿಯಾದ ಮೇಲೆ.

ಪ್ರೈಮರ್: ಇಲ್ಲಿ ಖರ್ಚು ಮಾಡಿ

ಬಜೆಟ್ಟಿನಲ್ಲಿ ಒಂದೇ ಕಡೆ ಕೈ ಬಿಚ್ಚಬಹುದು ಅಂದರೆ ಅದು ಇಲ್ಲೇ ಆಗಲಿ. ರೆಡ್ ಆಕ್ಸೈಡ್ ಕಿಟಕಿ ಸರಳಿಗೆ, ಗೇಟಿಗೆ ಸರಿ. ಅದರ ಮೇಲೆ ಪಿಯು ಹೊಡೆದರೆ ಏಳುವ ಅಪಾಯ ಇದೆ, ಹಾಗಾಗಿ ಕಾರಿನ ಬಾಡಿಗೆ ಬೇಡ. ಎನ್‌ಸಿ ಪ್ರೈಮರ್ ಅಗ್ಗ, ಬೇಗ ಒಣಗುತ್ತದೆ. ಆದರೆ ಅದು ತೇವವನ್ನು ಒಳಗೆ ಬಿಡುತ್ತದೆ. ಎನ್‌ಸಿ ಪ್ರೈಮರ್ ಹೊಡೆದು ತಿಂಗಳುಗಟ್ಟಲೆ ಬಿಟ್ಟ ಕಾರು ಹೊರಗೆ ಬೂದು ಬಣ್ಣದಲ್ಲಿ ಚೆಂದ ಕಂಡರೂ ಕೆಳಗೆ ತುಕ್ಕು ಶುರುವಾಗಿರುತ್ತದೆ.

ಬರೀ ತಗಡಿಗೆ ನನ್ನ ಆಯ್ಕೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್. ತಗಡನ್ನು ಬಿಗಿಯಾಗಿ ಹಿಡಿಯುತ್ತದೆ, ನೀರು ಸುಲಭವಾಗಿ ಒಳಗಿಳಿಯಲು ಬಿಡುವುದಿಲ್ಲ, ಅದರ ಮೇಲೆ ಪುಟ್ಟಿಯನ್ನೂ ಹಚ್ಚಬಹುದು. ಕೆಲ ಪೇಂಟರ್‌ಗಳು ಪುಟ್ಟಿ ತಗಡಿನ ಮೇಲೇ ಹಚ್ಚಬೇಕು ಅನ್ನುತ್ತಾರೆ. ಒಣ ಊರಿನಲ್ಲಿ ಅದೂ ನಡೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ ಮೊದಲು ಎಪಾಕ್ಸಿ, ಅದನ್ನು ಉಜ್ಜಿ ಒರಟು ಮಾಡಿ ಪುಟ್ಟಿ, ಮತ್ತೆ ಪ್ರೈಮರ್, ಇದೇ ಕ್ರಮ ಇರಲಿ. ಎಚ್ (etch) ಪ್ರೈಮರ್ ಅಂತ ಇನ್ನೊಂದಿದೆ, ತಗಡಿನ ಮೇಲ್ಮೈಯನ್ನು ಆಸಿಡ್ಡಿನಿಂದ ಕಚ್ಚಿ ಹಿಡಿಯುತ್ತದೆ. ಹಿಡಿತ ಒಳ್ಳೆಯದೇ, ಆದರೆ ತೆಳು. ಅದರ ಮೇಲೆ ನೇರವಾಗಿ ಪಾಲಿಯೆಸ್ಟರ್ ಪುಟ್ಟಿ ಬೇಡ. ಎಚ್ ಮತ್ತು ಎಪಾಕ್ಸಿ ಎರಡನ್ನೂ ಒಂದರ ಮೇಲೊಂದು ಹಾಕಿದರೆ ಡಬಲ್ ರಕ್ಷಣೆ ಅನ್ನುವವರ ಮಾತು ಕೇಳಬೇಡಿ. ಡಬ್ಬಿಯಲ್ಲಿ ಸ್ಪಷ್ಟವಾಗಿ ಹೇಳಿರದಿದ್ದರೆ ಎರಡರಲ್ಲಿ ಒಂದು ಸಾಕು.

ಇದರ ಮೇಲೆ ಪಿಯು ಸರ್ಫೇಸರ್ ಎರಡು ಮೂರು ಕೋಟು. ಗೀರು ತುಂಬಿ, ಉಜ್ಜಲು ಮೈ ಕೊಡುವುದು ಇದು. ಒಣಗಿದ ಮೇಲೆ ಅದರ ಮೇಲೆ ಕಪ್ಪು ಪೇಂಟನ್ನು ದೂರದಿಂದ ಮಂಜಿನ ಹಾಗೆ ಉದುರಿಸಿ, ಉದ್ದನೆಯ ಬ್ಲಾಕಿಗೆ 400 ನಂಬರ್ ಪೇಪರ್ ಸುತ್ತಿ, ಓರೆಯಾಗಿ ಉಜ್ಜುತ್ತಾ ಬನ್ನಿ. ಉಬ್ಬಿರುವ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಬರಿಗಣ್ಣಿಗೆ, ಬರಿಗೈಗೆ ಸಿಗದ ತಪ್ಪು ಇಲ್ಲಿ ನಕ್ಷೆ ಬರೆದಂತೆ ಕಾಣುತ್ತದೆ. ಒಂದು ಸಣ್ಣ ಡಬ್ಬಿಯ ಖರ್ಚು ಅಷ್ಟೇ. ಕಪ್ಪು ಬಣ್ಣ ಅಥವಾ ಗಾಢ ಮೆಟಾಲಿಕ್ ಹೊಡೆಸುವವರು ಇದನ್ನು ಬಿಡಲೇಬಾರದು, ಅವು ಪ್ರತಿ ಅಲೆಯನ್ನೂ ತೋರಿಸುತ್ತವೆ. ಬಿಳಿ, ಕ್ರೀಮ್ ಬಣ್ಣಗಳು ಇಷ್ಟು ಚುಚ್ಚಿ ತೋರಿಸುವುದಿಲ್ಲ. ಬಾಡಿ ಪೂರ್ತಿ ಸಮ ಇಲ್ಲದ ಹಳೆ ಅಂಬಾಸಿಡರಿಗೆ ಬಿಳಿಯೇ ವಾಸಿ ಅನ್ನಲು ಇದೂ ಒಂದು ಕಾರಣ.

ಕೊನೆಯ ಉಜ್ಜುವಿಕೆ ಮೇಲೆ ಬೀಳುವ ಬಣ್ಣಕ್ಕೆ ತಕ್ಕಂತೆ: ಸಾದಾ ಪಿಯುಗೆ 600, ಮೆಟಾಲಿಕ್‌ಗೆ 800. ಆಮೇಲೆ ಗ್ರೀಸ್ ರಿಮೂವರಿನಲ್ಲಿ ಒರೆಸುವುದು. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ತೆಗೆಯಬೇಕು. ಸೀಮೆಎಣ್ಣೆ, ಪೆಟ್ರೋಲ್ ಬೇಡ, ಅವು ಜಿಡ್ಡು ಬಿಡುತ್ತವೆ. ಡ್ಯಾಶ್‌ಬೋರ್ಡ್, ಟೈರು ಮಿಂಚಿಸುವ ಸಿಲಿಕೋನ್ ಪಾಲಿಶನ್ನು ಪೇಂಟಿಂಗ್ ಮುಗಿಯುವ ತನಕ ಶೆಡ್ಡಿನ ಹತ್ತಿರ ತರಬೇಡಿ. ಒಂದು ಹನಿ ಸಾಕು, ಬಣ್ಣ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಎನ್‌ಸಿಯಾ, ಪಿಯುನಾ?

ಪಿಯು ಸೂಕ್ತ, ಹೆಚ್ಚು ಹೇಳಬೇಕಿಲ್ಲ. ಬಿಸಿಲಿಗೆ, ಪೆಟ್ರೋಲ್ ಹನಿಗೆ ತಡೆಯುತ್ತದೆ. ಎನ್‌ಸಿಯ ಪರವಾಗಿ ಒಂದೇ ಮಾತು: ಮೂಲದಲ್ಲಿ ಎನ್‌ಸಿ ಇದ್ದ ತೀರಾ ಹಳೆ ಕಾರನ್ನು ಹಾಗೇ ಉಳಿಸಿಕೊಳ್ಳುವವರಿಗೆ ಅದರ ಮೃದು ಹೊಳಪೇ ಬೇಕಿರುತ್ತದೆ. ಆದರೆ ಪಿಯುವಿನ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರುತ್ತದೆ, ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ತೀರಾ ಸ್ವಲ್ಪವೂ ತಡೆಯುವುದಿಲ್ಲ. ಬಟ್ಟೆ ಮಾಸ್ಕ್ ಇದಕ್ಕೆ ಏನೂ ಅಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮಾಸ್ಕ್ ಬೇಕು. ಹಾಗಾಗಿ ತಯಾರಿ ಕೆಲಸವೆಲ್ಲ ಮನೆಯಲ್ಲೇ ಮಾಡಿಕೊಳ್ಳುವ ಹುಮ್ಮಸ್ಸು ಇರುವವರಿಗೂ ನಾನು ಹೇಳುವುದು ಇಷ್ಟೇ: ಉಜ್ಜುವುದು ನೀವು ಮಾಡಿ, ಪಿಯು ಹೊಡೆಯುವುದನ್ನು ಪೇಂಟ್ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇರುವ ಶೆಡ್ಡಿಗೆ ಬಿಡಿ.

ಯಾವಾಗ, ಮತ್ತು ಏನೇನು ಬಿಚ್ಚಿಸಬೇಕು

ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಯಲ್ಲಿ ಹೊಡೆದ ಎನ್‌ಸಿ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಕಂಪ್ರೆಸರಿನ ಗಾಳಿಯ ಜೊತೆ ನೀರಿನ ಹನಿ ಬರುತ್ತದೆ. ಬರೀ ತಗಡಿನ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ಕೇಸರಿ ಬಣ್ಣದ ತುಕ್ಕು ಹಬ್ಬಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಒಳ್ಳೆ ಕಾಲ. ಬಯಲುಸೀಮೆಯಲ್ಲಿ ತೇವದ ಕಾಟ ಕಡಿಮೆ, ಅಲ್ಲಿ ಧೂಳೇ ಶತ್ರು.

ಗಾಜು, ಬಂಪರ್, ಲೈಟು, ಹ್ಯಾಂಡಲ್, ಬೀಡಿಂಗ್ ಬಿಚ್ಚಿಸಿ ಹೊಡೆಸಬೇಕಾ, ಪೇಪರ್ ಅಂಟಿಸಿದರೆ ಸಾಕಾ? ಬಿಚ್ಚಿಸಿ. ಪೇಪರ್ ಅಂಟಿಸಿದ ಕಡೆ ಬಣ್ಣದ ಅಂಚು ರಬ್ಬರಿನ ಮೇಲೇ ನಿಂತಿರುತ್ತದೆ, ಸಿಪ್ಪೆ ಏಳುವುದು ಅಲ್ಲಿಂದಲೇ. ಗಾಜಿನ ಬೀಡಿಂಗ್ ಕೆಳಗಿನ ತುಕ್ಕು ಬಿಚ್ಚದೆ ಕಾಣುವುದೂ ಇಲ್ಲ. ಹಾಂ, ಹಳೆ ಬೀಡಿಂಗ್ ಬಿಚ್ಚುವಾಗ ಹರಿಯುತ್ತದೆ ಅನ್ನುವುದು ನಿಜ. ಅದಕ್ಕೇ ಕಾರನ್ನು ಶೆಡ್ಡಿಗೆ ಬಿಡುವ ಮೊದಲೇ ಹೊಸ ಬೀಡಿಂಗ್, ಕ್ಲಿಪ್ಪು, ವಾಷರ್ ಕೈಯಲ್ಲಿರಲಿ. ಬೆಂಗಳೂರಿನವರಾದರೆ ಜೆಸಿ ರೋಡಿನ ಅಂಗಡಿಗಳನ್ನು ಒಂದು ಸುತ್ತು ಹಾಕಿ ಬನ್ನಿ. ಬಿಚ್ಚಿದ ಪ್ರತಿ ಸಾಮಾನನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆದಿಡಿ.

ಶೆಡ್ಡಿನವರ ಜೊತೆ ಮಾತಾಡುವಾಗ ರೇಟಿಗಿಂತ ಮೊದಲು ಮೂರು ವಿಷಯ ಬಾಯಿಬಿಟ್ಟು ಕೇಳಿ. ಯಾವ ಪ್ರೈಮರ್, ಅದರ ಡಬ್ಬಿ ನನ್ನ ಮುಂದೆ ಒಡೆಯುತ್ತೀರಾ? ಪುಟ್ಟಿ ಒಣದಾಗಿ ಉಜ್ಜುತ್ತೀರಾ? ಪ್ರೈಮರ್ ಬೀಳುವ ಮೊದಲು ಬರೀ ತಗಡನ್ನು ನಾನು ಬಂದು ನೋಡಬಹುದಾ? ಮೂರನೆಯದಕ್ಕೆ "ಬನ್ನಿ ಸಾರ್" ಅಂದವರಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ. ಅವತ್ತು ಹೋಗಿ ಫೋಟೊ ತೆಗೆದಿಟ್ಟುಕೊಳ್ಳಿ. ಹದಿನೈದು ವರ್ಷದ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತ ಅವಸರದಲ್ಲಿ ಮಾಡಿಸುವವರಿದ್ದಾರೆ. ಎಫ್‌ಸಿ ದಿನಾಂಕಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಕಾರು ಬಿಟ್ಟರೆ ಮಾತ್ರ ಪುಟ್ಟಿಗೂ ಪ್ರೈಮರಿಗೂ ಒಣಗಲು ಸಮಯ ಸಿಗುತ್ತದೆ.

ಬೇರೆ ಬಣ್ಣ ಹೊಡೆಸುವುದಾದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲೂ ಬಣ್ಣ ಬದಲಾಯಿಸಿಕೊಳ್ಳಬೇಕು. ಸೇನೆಯ ಆಲಿವ್ ಹಸಿರನ್ನಂತೂ ಆರಿಸಿಕೊಳ್ಳಬೇಡಿ, ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಹಳೆ ಬಣ್ಣವೇ ಇರಲಿ ಅನ್ನುವವರು ಡಿಕ್ಕಿಯ ಒಳಗೆ ಅಥವಾ ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದ ಒಂದು ಜಾಗದಲ್ಲಿ ಪಾಲಿಶ್ ಉಜ್ಜಿ, ಅಲ್ಲಿ ಸಿಗುವ ಶೇಡನ್ನು ಪೇಂಟರ್‌ಗೆ ತೋರಿಸಿ. ಹೊರಗಿನ ಬಾನೆಟ್ಟಿನಲ್ಲಿ ಕಾಣುವುದು ಬಿಸಿಲಿಗೆ ಮಾಸಿದ ಬಣ್ಣ.